ಕೈಗೆ ಬಂದ ಕೆಂಪು ಗೋಲಿ

ಆ ಬೆಳಿಗ್ಗೆ ಗಾಳಿ ಎಂಬುದೇ ಇರಲಿಲ್ಲ. ಆಕಾಶ ಹಿಂಡದೆ ಹರವಿದ ಬಟ್ಟೆಯ ಹಾಗೆ ಭಾರವಾಗಿ ಇಳಿಬಿದ್ದಿತ್ತು. ಗೋದಾಮಿನ ಬಾಗಿಲಲ್ಲಿ ಗೋಣಿ ಇಳಿಸುವಾಗ ಎದ್ದ ದೂಳು ನೆಲಕ್ಕೆ ಇಳಿಯುವುದನ್ನೇ ಮರೆತು ಎದೆಯೆತ್ತರದಲ್ಲಿ ನಿಂತಿತ್ತು. ಇಂಥ ದಿನಗಳಲ್ಲಿ ಕಾಳಿನ ವಾಸನೆ ನೇರವಾಗಿ ಮೂಗಿಗೆ ಬರುತ್ತದೆ, ಸುಳ್ಳು ಹೇಳಲು ಅದಕ್ಕೆ ಗಾಳಿಯ ಸಹಾಯವಿರುವುದಿಲ್ಲ ಎಂದು ಒಂದ್ಹಿಡಿ ಹೇಳುತ್ತಿದ್ದ.

ಒಂದ್ಹಿಡಿ ಎಂಬುದು ಅವನ ಹೆಸರಲ್ಲ, ಕೆಲಸ. ಹೆಸರನ್ನು ಜನ ಎಂದೋ ಮರೆತಿದ್ದರು. ಗೋದಾಮಿಗೆ ಬರುವ ಗೋಧಿ ಗೋಣಿಗಳ ಬಾಯಿ ಬಿಚ್ಚಿ, ಮೊಣಕೈವರೆಗೆ ತೋಳಿಳಿಸಿ, ಒಳಗಿನಿಂದ ಒಂದು ಹಿಡಿ ತೆಗೆಯುವುದು; ಅಂಗೈ ಮೇಲೆ ಹರಡಿ, ಮೂಸಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ‘ಒಳಗೆ’ ಎನ್ನುವುದು ಅಥವಾ ‘ವಾಪಸ್’ ಎನ್ನುವುದು. ಅಷ್ಟೇ ಕೆಲಸ. ವಾಪಸ್ ಎನಿಸಿಕೊಂಡ ವ್ಯಾಪಾರಿಗಳು ಅವನ ಬೆನ್ನು ಬೀಳುತ್ತಿದ್ದರು.

“ಇನ್ನೊಂದು ಹಿಡಿ ತೆಗಿ ಮಾರಾಯ. ಪಕ್ಕದಲ್ಲಿ ಕೈ ಹಾಕು, ಚಿನ್ನದಂಥ ಕಾಳಿದೆ.”

“ಎರಡನೇದು ತೆಗೆದ್ರೆ ಮೂರನೇದು ಯಾಕೆ ಬೇಡ? ನಿನಗೆ ಬೇಕಾದ್ದು ಬರೋವರೆಗೂ ತೆಗೀತಾ ಕೂತ್ಕೊಳ್ಲಾ?” ಎಂದು ಅವನು ಮುಂದಿನ ಗೋಣಿಗೆ ಹೋಗುತ್ತಿದ್ದ.

ಕೈ ಹಾಕುವ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ‘ನಿಜ ಕೈಗೆ ಕೊಡು’ ಎಂದಷ್ಟೇ ಒಳಗೊಳಗೇ ಕೇಳಿಕೊಳ್ಳುತ್ತಿದ್ದ. ದಿನಕ್ಕೆ ಎಷ್ಟು ಗೋಣಿಯೋ ಅಷ್ಟು ಪ್ರಾರ್ಥನೆ. ಬೇರೆ ಯಾವ ಪೂಜೆಗೂ ಅವನಿಗೆ ಪುರುಸೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನೋಡಿದ ಹಿಡಿಯನ್ನು ಅದೇ ಗೋಣಿಗೆ ಹಿಂದಿರುಗಿಸಿ, ಅಂಗೈಯನ್ನು ಅದರ ಬಾಯಿಯ ಮೇಲೇ ಕೊಡವುತ್ತಿದ್ದ. ಈ ಕೆಲಸದ ಬೇರೆಯವರು ನೋಡಿದ ಹಿಡಿಗಳನ್ನು ಚೀಲಕ್ಕೆ ಸೇರಿಸಿ ಸಂಜೆ ಮನೆಗೆ ಒಯ್ಯುವುದು ಎಲ್ಲರಿಗೂ ಗೊತ್ತಿತ್ತು. ಇವನ ಹೆಂಡತಿ ಮಾತ್ರ ಅಂಗಡಿಗೆ ಹೋಗಿ ಗೋಧಿ ತರುತ್ತಿದ್ದಳು. “ನಮ್ಮವರು ಇಡೀ ದಿನ ಗೋಧೀಲೇ ಕೈ ಆಡಿಸ್ತಾರೆ, ಮನೆಗೆ ತರೋದು ದೂಳು ಮಾತ್ರ” ಎಂದು ಅವಳು ದೂರುವಾಗಲೂ ಆ ದೂರಿನ ಅಡಿಯಲ್ಲಿ ಸಣ್ಣ ಹೆಮ್ಮೆ ಇರುತ್ತಿತ್ತು.

ಆ ಬೆಳಿಗ್ಗೆ ಒಂದ್ಹಿಡಿ ಮೊದಲ ಲಾರಿಯನ್ನಷ್ಟೇ ನೋಡಿ, ಕೈ ತೊಳೆದು, ಹೆಂಡತಿಯೊಂದಿಗೆ ಆಸ್ಪತ್ರೆಗೆ ಹೋದ. ಹಿಂದಿನ ವಾರ ಬೆನ್ನು ಹಿಡಿದುಕೊಂಡಿತೆಂದು ಸ್ಕ್ಯಾನ್ ಮಾಡಿಸಲು ಹೋಗಿದ್ದ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರಿ, ತನ್ನ ಮಗುವಿನ ತುಂಟತನ ಹೇಳುತ್ತಾ ಯಂತ್ರ ಆಡಿಸುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ್ದಳು. ಕಥೆಯಲ್ಲಿ ಮಗು ಏಣಿ ಹತ್ತಿತ್ತು. ಇಳಿಯಿತೋ ಬಿತ್ತೋ ಅವಳು ಹೇಳಲೇ ಇಲ್ಲ. ಬೆನ್ನಿಗೆ ಏನೂ ಆಗಿರಲಿಲ್ಲ. ಕಂಡದ್ದು ಬೇರೆ; ಹೊಟ್ಟೆಯೊಳಗೆ ಏನೋ ಉಬ್ಬಿದೆ, ಆಪರೇಷನ್ ಬೇಕಾಗಬಹುದು ಎಂದಷ್ಟೇ ಗಂಡಹೆಂಡಿರಿಗೆ ಹೇಳಿ ಕಳಿಸಿದ್ದರು. ಅದನ್ನು ಕೇಳಲೆಂದೇ ಈಗ ಅವನು ದೊಡ್ಡ ಡಾಕ್ಟರಮ್ಮನ ಕೋಣೆಯಲ್ಲಿ ಕುಳಿತಿದ್ದ. ಹೆಂಡತಿ ಕೆಳಗೆ ಔಷಧಿ ಕೌಂಟರಿನ ಸಾಲಿನಲ್ಲಿ ಸಿಕ್ಕಿಕೊಂಡಿದ್ದಳು.

“ಹೃದಯದಿಂದ ಕೆಳಗೆ ಬರೋ ದೊಡ್ಡ ರಕ್ತನಾಳ ಇದೆಯಲ್ಲ ಯಜಮಾನ್ರೇ, ಅದು ಹೊಟ್ಟೇಲಿ ಒಂದು ಕಡೆ ಉಬ್ಬಿದೆ,” ಎಂದರು ಡಾಕ್ಟರಮ್ಮ. “ಹಳೇ ಸೈಕಲ್ ಟ್ಯೂಬು ಒಂದು ಕಡೆ ಉಬ್ಬುತ್ತಲ್ಲ, ಹಾಗೆ.”

“ನೋವೇ ಇಲ್ಲವಲ್ಲಮ್ಮ.”

“ಇರೋದಿಲ್ಲ. ಅದೇ ಅದರ ಕೆಟ್ಟ ಗುಣ.”

“ಒಡೆದ್ರೆ?”

“ಒಡೆದ್ರೆ ಹೆಚ್ಚಿನವರು ಆಸ್ಪತ್ರೆ ಬಾಗಿಲು ಮುಟ್ಟಲ್ಲ. ನಿಮ್ಮದು ಒಡೆಯೋ ಸಾಧ್ಯತೆ ಸಣ್ಣದಲ್ಲ. ಅದಕ್ಕೇ ಆಪರೇಷನ್ ಮಾಡಿಸ್ಕೊಳ್ಳಿ ಅಂತಿರೋದು. ಆದ್ರೆ ಅದ್ರಲ್ಲೂ ಅಪಾಯ ಇದೆ. ಎಷ್ಟು ಅಂತ ಮುಚ್ಚಿಡದೆ ತೋರಿಸ್ತೀನಿ.”

ಅವರು ಕಪಾಟಿನಿಂದ ಗಾಜಿನ ಜಾಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ತುಂಬ ಗೋಲಿಗಳು.

ಈ ಜಾಡಿಗೆ ಒಂದು ಹಿನ್ನೆಲೆಯಿತ್ತು. ಮೊದಮೊದಲು ಈ ಡಾಕ್ಟರಮ್ಮನೂ ಎಲ್ಲರ ಹಾಗೆ ‘ಸ್ವಲ್ಪ ರಿಸ್ಕ್ ಇದೆ’ ಎನ್ನುತ್ತಿದ್ದರು. ಸ್ವಲ್ಪ ಎಂದರೆ ಒಬ್ಬರಿಗೆ ಸಾರಿಗೆ ಹಾಕುವ ಉಪ್ಪು, ಇನ್ನೊಬ್ಬರಿಗೆ ಸಂಬಳದಲ್ಲಿ ಉಳಿದದ್ದು. ಒಮ್ಮೆ ಹೆಣದ ಪಕ್ಕದಲ್ಲಿ ನಿಂತ ಒಬ್ಬ ಮಗ, ಕೂಗಾಡದೆ, ದಾರಿ ಕೇಳುವವನ ದನಿಯಲ್ಲಿ, “ಸ್ವಲ್ಪ ಅಂದ್ರೆ ಇಷ್ಟಾ ಡಾಕ್ಟ್ರೇ?” ಎಂದು ಕೇಳಿದ್ದ. ಅವತ್ತಿನಿಂದ ಆ ಮಾತಿಗೆ ಅವರ ನಾಲಿಗೆ ಏಳಲಿಲ್ಲ. ಆಟಿಕೆ ಅಂಗಡಿಗೆ ಹೋಗಿ ಗೋಲಿ ಕೊಂಡು ತಂದರು. ಹೇಳುವುದಕ್ಕಿಂತ ತೋರಿಸುವುದು ಮೇಲೆಂದು ನಂಬಿದರು. ಆ ನಂಬಿಕೆ ತಪ್ಪೂ ಅಲ್ಲ.

“ಇವು ನೂರು ಗೋಲಿ. ನಿಮ್ಮಂಥ ನೂರು ಜನ ಅಂದ್ಕೊಳ್ಳಿ. ಆಪರೇಷನ್ ಆದ್ಮೇಲೆ ತೊಂಬತ್ತೇಳು ಜನ ಎದ್ದು ಮನೆಗೆ ಹೋಗ್ತಾರೆ. ಅವರು ಬಿಳಿ. ಮೂರು ಜನ ಹೋಗಲ್ಲ. ಅವರು ಕೆಂಪು.”

ಜಾಡಿ ತಿರುಗಿಸಿದರೆ ಮೂರು ಕೆಂಪೂ ಬಿಳಿಯ ನಡುವೆ ಹುದುಗಿ ಕಾಣದೆ ಹೋದವು. ಒಂದನ್ನಾದರೂ ಮೇಲೆ ತಂದು ತೋರಿಸೋಣವೆಂದು ಡಾಕ್ಟರಮ್ಮ ಮುಚ್ಚಳ ತಿರುವಿ ತೆಗೆದರು. ಅಷ್ಟರಲ್ಲಿ ನರ್ಸ್ ಬಾಗಿಲಲ್ಲಿ ತಲೆ ಹಾಕಿ, ಯಾರದೋ ಹೊಲಿಗೆ ಬಿಚ್ಚಿಕೊಂಡಿದೆ ಎಂದಳು. “ಒಂದೇ ನಿಮಿಷ,” ಎಂದು ಅವರು ಎದ್ದು ಹೋದರು.

ಕೋಣೆಯಲ್ಲಿ ಒಂದ್ಹಿಡಿ ಒಬ್ಬನೇ. ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲೆ ಜಾಡಿ ಬಾಯಿ ತೆರೆದುಕೊಂಡು ಕುಳಿತಿತ್ತು.

ಅವನು ಕೈ ಹಾಕಬೇಕೆಂದು ಯೋಚಿಸಿ ಹಾಕಿದ್ದಲ್ಲ. ಬಾಯಿ ಬಿಚ್ಚಿದ್ದು ಎದುರಿಗಿದ್ದರೆ ಅವನ ತೋಳು ತಾನೇ ಮುಂದಕ್ಕೆ ಹೋಗುತ್ತದೆ; ಜೀವಮಾನವೆಲ್ಲ ಅದೊಂದನ್ನೇ ಮಾಡಿದ ತೋಳು. ಕಣ್ಣು ತಾನಾಗಿ ಮುಚ್ಚಿತು. ‘ನಿಜ ಕೈಗೆ ಕೊಡು’ ಎಂಬ ಮಾತೂ ತಾನಾಗಿ ಬಂತು. ಜಾಡಿಯ ಬಾಯಿ ಕಿರಿದು, ಹಿಡಿ ತುಂಬಲು ಜಾಗವಿರಲಿಲ್ಲ. ಬೆರಳ ತುದಿಗೆ ಒಂದು ಗೋಲಿ ಸಿಕ್ಕಿತು. ಹೊರತೆಗೆದು ಕಣ್ಣು ಬಿಟ್ಟ.

ಅಂಗೈಯ ನಡುವೆ ಕೆಂಪು ಗೋಲಿ ಕುಳಿತಿತ್ತು.

ಅವನಿಗೆ ಮೊದಲು ಏನೂ ಅನಿಸಲಿಲ್ಲ. ಬಾವಿಗೆ ಬಿದ್ದ ಕಲ್ಲಿನ ಸದ್ದು ಸ್ವಲ್ಪ ತಡವಾಗಿ ಕೇಳುತ್ತದಲ್ಲ, ಹಾಗೆ. ಫ್ಯಾನಿನ ಸದ್ದು ನಿಂತುಹೋದಂತಾಯಿತು, ಆದರೆ ರೆಕ್ಕೆಗಳು ತಿರುಗುತ್ತಲೇ ಇದ್ದವು. ಕಿಟಕಿಯಾಚೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದೂ ಕೇಳಲಿಲ್ಲ, ಕಾಲು ಮಾತ್ರ ಕಂಡಿತು. ಎಷ್ಟೋ ಗೋಣಿಗಳಿಗೆ ‘ವಾಪಸ್’ ಎಂದ ನಾಲಿಗೆ ಬಾಯೊಳಗೆ ಮರದ ಚೂರಿನಂತೆ ಬಿದ್ದಿತ್ತು. ಇಷ್ಟು ದಿನ ತಾನು ಗೋಣಿಯ ಹೊರಗೆ ನಿಂತಿದ್ದ. ಇವತ್ತು ತಾನೇ ಗೋಣಿ.

ಹೆಜ್ಜೆ ಸದ್ದಾದಾಗ ಮುಷ್ಟಿ ಮುಚ್ಚಿತು. ಡಾಕ್ಟರಮ್ಮ ಬಂದು, ಜಾಡಿಯ ಮುಚ್ಚಳ ಬಿಗಿದು, “ಯೋಚನೆ ಮಾಡಿ. ಮನೆಯವರನ್ನೂ ಕರ್ಕೊಂಡು ಬನ್ನಿ, ಮಾತಾಡೋಣ. ತುಂಬಾ ದಿನ ಬಿಡ್ಬೇಡಿ,” ಎಂದರು. ಎದುರಿನವನ ಮುಖ ಸುಣ್ಣವಾಗಿದ್ದನ್ನು ಕಂಡರು. ಆ ಕುರ್ಚಿಯಲ್ಲಿ ಕುಳಿತವರ ಮುಖ ಸುಣ್ಣವಾಗುವುದು ಹೊಸದಲ್ಲ, ಕೇಳಲಿಲ್ಲ.

ಹೊರಗೆ ಹೆಂಡತಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು.

“ಏನಂದ್ರು ರೀ?”

“ಆಪರೇಷನ್ ಇಲ್ಲ.”

ಅದು ಸುಳ್ಳಾಗಿರಲಿಲ್ಲ, ನಿಜದ ಒಂದು ತುದಿ ಮಾತ್ರವಾಗಿತ್ತು. ಅವಳು ಬೆಂಚಿನ ಮೇಲೆ ಕುಸಿದು ಕುಳಿತು, ಮೇಲೆ ನೋಡಿ ಕೈ ಮುಗಿದಳು. ಮೇಲೆ ಟ್ಯೂಬ್‌ಲೈಟ್ ಇತ್ತು. ದೇವರು ಅದರಾಚೆ ಇದ್ದಾನೆಂದು ಅವಳಿಗೆ ಗೊತ್ತಿತ್ತು.

ಮುಂದಿನ ದಿನಗಳಲ್ಲಿ ಅವಳು ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದಳು, ಆಪರೇಷನ್ ಬೇಡವಂತೆ ಎಂದು. ಅವಳ ತಮ್ಮ ಅದೇ ಗೋದಾಮಿನಲ್ಲಿ ಗೋಣಿಯ ಬಾಯಿ ಹೊಲಿಯುವವನು; ದಬ್ಬಣ ಆಡಿದಷ್ಟೇ ಅವನ ನಾಲಿಗೆಯೂ ಆಡುತ್ತಿತ್ತು.

“ಹೊಟ್ಟೇಲಿ ಬಲೂನ್ ಇಟ್ಕೊಂಡೇ ಓಡಾಡಿ ಅಂದ್ರಾ? ಒಳ್ಳೇದಾಯ್ತು ಬಿಡಕ್ಕ. ಭಾವ ಇನ್ನು ನೀರಿಗೆ ಬಿದ್ರೂ ತೇಲ್ತಾರೆ.”

“ನಿನ್ನ ನಾಲಿಗೆಗೂ ಎರಡು ಹೊಲಿಗೆ ಹಾಕ್ಕೋ,” ಎಂದು ಅವಳು ನಕ್ಕಳು. ಬಹಳ ದಿನಗಳ ಮೇಲೆ ಹಾಗೆ ಬಾಯ್ತುಂಬ ನಕ್ಕಿದ್ದಳು.

ಒಂದ್ಹಿಡಿ ನಗಲಿಲ್ಲ. ಸೋರುವ ನಲ್ಲಿಗೆ ವಾಷರ್ ಹಾಕಿದ. ಕೀಲು ಕಿರುಗುಟ್ಟುತ್ತಿದ್ದ ಬಾಗಿಲಿಗೆ ಎಣ್ಣೆ ಬಿಟ್ಟ. ಗ್ಯಾಸ್ ಸಿಲಿಂಡರ್ ಬದಲಿಸುವುದು ಹೇಗೆಂದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ. “ಈಗ್ಯಾಕೆ ಇದು? ನೀವಿದ್ದೀರಲ್ಲ,” ಎಂದಳು. “ಕಲ್ತಿರು,” ಎಂದ. ಅಂಗಿಯ ಜೇಬಿನಲ್ಲಿ ಗೋಲಿ ಇತ್ತು. ಅದನ್ನು ಹಿಂದಿರುಗಿಸಬೇಕಿತ್ತು, ನೋಡಿದ್ದು ಗೋಣಿಗೆ ಹೋಗಬೇಕು. ಬೇರೆಯವರ ಒಂದು ಕಾಳೂ ಅಂಗೈಗೆ ಅಂಟದವನ ಜೇಬಿನಲ್ಲಿ ಬೇರೆಯವರ ಗೋಲಿ. ಅದು ಹೆಜ್ಜೆಹೆಜ್ಜೆಗೂ ಎದೆಗೆ ತಟ್ಟುತ್ತಿತ್ತು. ಆದರೂ ಆ ಕೋಣೆಗೆ ಇನ್ನೊಮ್ಮೆ ಕಾಲಿಡಲು ಅವನಿಂದಾಗಲಿಲ್ಲ. ಆಸ್ಪತ್ರೆಯಿಂದ ಫೋನು ಬಂದರೆ ಅದು ಹೊಡೆದುಕೊಂಡು ಸುಮ್ಮನಾಗುವವರೆಗೆ ನೋಡುತ್ತಾ ನಿಲ್ಲುತ್ತಿದ್ದ.

ಒಂದು ಮಧ್ಯಾಹ್ನ ಗೋದಾಮಿನಲ್ಲಿ ಅವನ ತೋಳು ಗೋಣಿಯೊಳಗೆ ಇಳಿಯಿತು, ಮೇಲೆ ಬರಲಿಲ್ಲ.

“ಏನ್ ಭಾವ, ಒಳಗೆ ಯಾರಾದ್ರೂ ಕೈ ಹಿಡ್ಕೊಂಡ್ರಾ?” ಎಂದ ಭಾಮೈದ, ದಬ್ಬಣಕ್ಕೆ ಹುರಿ ಪೋಣಿಸುತ್ತಾ.

ವ್ಯಾಪಾರಿ ಕಾಯುತ್ತಿದ್ದ. ಒಂದ್ಹಿಡಿ ತೋಳು ಹೊರಗೆಳೆದ. ಅಂಗೈ ಖಾಲಿ ಇತ್ತು.

“ಇವತ್ತು ನೀನು ನೋಡು,” ಎಂದು ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ.

ಭಾಮೈದನ ನಗು ಅರ್ಧದಲ್ಲೇ ನಿಂತಿತು. ಈ ಮನುಷ್ಯ ಜ್ವರದಲ್ಲೂ ಯಾರಿಗೂ ತನ್ನ ಗೋಣಿ ಬಿಟ್ಟುಕೊಟ್ಟವನಲ್ಲ. ಅವನು ಆ ಸಂಜೆ ಅಕ್ಕನ ಮನೆಗೆ ಬಂದದ್ದು ಅದನ್ನು ಹೇಳಲೆಂದೇ. ಆದರೆ ಅವನು ಹೇಳುವ ಮುಂಚೆ, ಬಟ್ಟೆ ನೆನೆಹಾಕುತ್ತಿದ್ದ ಅವಳ ಕೈಯಿಂದ ಏನೋ ಜಾರಿ ಬಚ್ಚಲ ನೆಲದ ಮೇಲೆ ಟಣ್ ಎಂದು ಪುಟಿದು, ಉರುಳಿ, ಅವನ ಕಾಲ ಬಳಿ ಬಂದು ನಿಂತಿತು.

“ಇದೆಲ್ಲಿತ್ತಕ್ಕ?”

“ಇವರ ಅಂಗಿ ಜೇಬಲ್ಲಿ.”

“ಭಾವ ಗೋಲಿ ಆಟಕ್ಕೆ ಸೇರಿದಾರೋ? ಈ ವಯಸ್ಸಲ್ಲಿ ಮಂಡಿ ಊರಿದ್ರೆ ಎಬ್ಬಿಸೋಕೆ ಇಬ್ರು ಬೇಕು.”

“ಕೊಡಿಲ್ಲಿ,” ಎಂದ ಒಂದ್ಹಿಡಿ ಬಾಗಿಲಿನಿಂದ. ದನಿ ಅವನದಾಗಿರಲಿಲ್ಲ.

ಅವಳು ಗಂಡನ ಮುಖ ನೋಡಿದಳು. ನೋಡಿ, ತಮ್ಮನ ಕೈಯಿಂದ ಗೋಲಿ ತೆಗೆದುಕೊಂಡು ತನ್ನ ಮುಷ್ಟಿಯಲ್ಲಿಟ್ಟುಕೊಂಡಳು.

“ಏನಿದು?”

“ಡಾಕ್ಟರಮ್ಮಂದು. ನೂರು ಗೋಲಿ ಇಟ್ಟಿದಾರೆ. ಅದ್ರಲ್ಲಿ ಮೂರು ಕೆಂಪು. ಕೆಂಪು ಅಂದ್ರೆ ಆಪರೇಷನ್ ಆದ್ಮೇಲೆ ಮನೆಗೆ ಬರದೇ ಇರೋರು.” ಅವನು ಗೋಡೆಗೆ ಒರಗಿದ. “ಬಾಯಿ ತೆಗೆದಿತ್ತು. ಕೈ ಹಾಕಿದೆ. ಅದು ಬಂತು.”

ನಲ್ಲಿಯ ನೀರು ಬಕೆಟ್ ತುಂಬಿ ನೆಲದ ಮೇಲೆ ಹರಿಯುತ್ತಿತ್ತು. ಯಾರೂ ನಿಲ್ಲಿಸಲಿಲ್ಲ.

“ಹಾಗಾದ್ರೆ ಆಪರೇಷನ್ ಇಲ್ಲ ಅಂದಿದ್ದು ಡಾಕ್ಟರ್ ಅಲ್ಲ,” ಎಂದಳು ಅವಳು, ಒಂದೊಂದೇ ಮಾತನ್ನು ಎತ್ತಿಡುವವಳಂತೆ.

“ನಾನು.”

“ನಾನು ಬೀದಿಗೆಲ್ಲಾ ಹೇಳ್ಕೊಂಡು ಬಂದೆ. ನಿಮ್ಮ ಹೊಟ್ಟೇಲಿ ಅದು ಹಾಗೇ ಇದೆ, ನಾನು ಸಿಹಿ ಹಂಚಿ ಬಂದೆ.” ಅವಳು ಒದ್ದೆ ನೆಲದ ಮೇಲೇ ಕುಳಿತುಬಿಟ್ಟಳು. ಅಳಲಿಲ್ಲ. ಗಂಡನನ್ನು, ಮನೆಗೆ ತಪ್ಪಿ ಬಂದ ಅಪರಿಚಿತನನ್ನು ನೋಡುವಂತೆ ನೋಡಿದಳು. ಎದುರಿಗೆ ಕೂತು ಉಂಡವನು, ಪಕ್ಕದಲ್ಲಿ ಮಲಗಿ ಎದ್ದವನು ಇಷ್ಟು ದಿನ ಇಂಥದ್ದೊಂದನ್ನು ಎದೆಯ ಮೇಲೆ ಇಟ್ಟುಕೊಂಡು ಓಡಾಡಿದ್ದ. ಗ್ಯಾಸ್ ಸಿಲಿಂಡರ್ ಯಾಕೆ ಕಲಿಸಿದನೆಂದು ಈಗ ಅವಳಿಗೆ ಹೊಳೆಯಿತು.

“ಇನ್ನೊಂದ್ಸಲ ಕೈ ಹಾಕಿದ್ರೆ ಆಗ್ತಿತ್ತಲ್ಲ ಭಾವ,” ಎಂದ ಭಾಮೈದ. ಅಂದ ಮೇಲೆ ತಾನು ಏನು ಅಂದೆನೆಂದು ಅವನಿಗೇ ತಿಳಿಯಿತು. ಒಂದ್ಹಿಡಿ ಅವನನ್ನು ನೋಡಿದ್ದು ಗೋದಾಮಿನ ವ್ಯಾಪಾರಿಗಳನ್ನು ನೋಡುವ ನೋಟದಲ್ಲಿ.

“ನಿಜ ಕೊಡು ಅಂತ ಕೇಳ್ಕೊಂಡೇ ಹಾಕಿದ್ದು ಕಣೋ. ಕೊಟ್ಟ ಮೇಲೆ ಇದು ಬೇಡ ಬೇರೆ ಕೊಡು ಅನ್ನೋಕೆ ನಾನ್ಯಾರು?”

ಅವಳು ಎದ್ದು ನಲ್ಲಿ ನಿಲ್ಲಿಸಿದಳು. ಗೋಲಿಯನ್ನು ಗಂಡನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಚಿದಳು.

ಮರುದಿನ ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೆ ಅವಳು ಡಾಕ್ಟರಮ್ಮನ ಕೋಣೆಯೆದುರು ನಿಂತಿದ್ದಳು.

“ನಿಮ್ಮ ಯಜಮಾನ್ರು ಬರಲೇ ಇಲ್ಲ. ಫೋನೂ ಎತ್ತಲ್ಲ,” ಎಂದರು ಡಾಕ್ಟರಮ್ಮ.

“ಬರಲ್ಲ. ನೀವು ಎದ್ದು ಹೋದಾಗ ಈ ಜಾಡಿಗೆ ಕೈ ಹಾಕಿದ್ರಂತೆ. ಕೆಂಪು ಬಂತಂತೆ.”

ಡಾಕ್ಟರಮ್ಮನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಈ ಜಾಡಿಯನ್ನು ಅವರು ಎಷ್ಟೋ ಜನರ ಮುಂದೆ ತಿರುಗಿಸಿದ್ದರು. ಯಾರಾದರೂ ಒಳಗೆ ಕೈ ಹಾಕಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಅದು ಬರೀ ಗೋಲಿ ಕಣಮ್ಮ. ಅರ್ಥ ಆಗ್ಲಿ ಅಂತ ಇಟ್ಟಿದ್ದು.”

“ನಿಮಗೆ ಗೋಲಿ. ಅವರದು ಕೈ ಹಾಕೋ ಕೆಲಸ,” ಎಂದು ಅವಳು ಗೋದಾಮಿನದೆಲ್ಲ ಹೇಳಿದಳು. ಒಂದು ಹಿಡಿಯಿಂದ ಇಡೀ ಗೋಣಿ ಒಳಗೆ ಹೋಗುವುದು ಅಥವಾ ವಾಪಸ್ ಹೋಗುವುದು. ಎರಡನೇ ಸಲ ಕೈ ಹಾಕದಿರುವುದು. ಕೈ ಹಾಕುವ ಮುಂಚಿನ ಮಾತು. “ಅವರಿಗೆ ದೇವರೇ ಉತ್ತರ ಕೊಟ್ಟಾಗಿದೆ. ಈಗ ನಾನು ಹೇಳಿದ್ರೂ ಕೇಳಲ್ಲ, ನೀವು ಹೇಳಿದ್ರೂ ಕೇಳಲ್ಲ. ಗೋಣಿ ವಾಪಸ್ ಅಂತ ಸುಮ್ನೆ ಕೂತಿದಾರೆ.”

“ಸುಮ್ನೆ ಕೂತ್ರೆ ಒಡೆಯುತ್ತಮ್ಮ. ಅದನ್ನೂ ಹೇಳಿದ್ದೆನಲ್ಲ…”

ಡಾಕ್ಟರಮ್ಮನ ಮಾತು ಅಲ್ಲಿಗೇ ನಿಂತಿತು. ಹೇಳಿದ್ದು ಹೌದು. ಏನೆಂದು ಹೇಳಿದ್ದು? ‘ಸಣ್ಣದಲ್ಲ’ ಎಂದು. ಅಪಾಯ ಎರಡಿತ್ತು. ಒಂದನ್ನು ಎಣಿಸಿ, ಬಣ್ಣ ಕೊಟ್ಟು, ಗಾಜಿನಲ್ಲಿ ತುಂಬಿ ಅವನ ಕಣ್ಣೆದುರು ಇಟ್ಟಿದ್ದರು. ಇನ್ನೊಂದಕ್ಕೆ ಬರೀ ಒಂದು ಮಾತು ಕೊಟ್ಟಿದ್ದರು. ಸ್ವಲ್ಪ ಎಂಬ ಮಾತನ್ನು ಬಾಯಿಂದ ಓಡಿಸಿದೆನೆಂದು ನಂಬಿದ್ದವರು, ಅದರ ತಮ್ಮನನ್ನೇ ಒಳಗೆ ಕೂರಿಸಿಕೊಂಡಿದ್ದರು. ಇಷ್ಟು ವರ್ಷ ಆ ಕುರ್ಚಿಯಲ್ಲಿ ಕುಳಿತು, ಈ ಜಾಡಿ ನೋಡಿ, ‘ಬೇಡ ಡಾಕ್ಟ್ರೇ, ಹಾಗೇ ಇರ್ತೀನಿ’ ಎಂದು ಎದ್ದು ಹೋದ ಮುಖಗಳು ಒಂದೊಂದಾಗಿ ಅವರ ಕಣ್ಣಿಗೆ ಕಟ್ಟಿದವು. ಅವರೆಲ್ಲ ಧೈರ್ಯವಿಲ್ಲದವರೆಂದು ಅವರು ಎಣಿಸಿದ್ದರು. ಕುರ್ಚಿಯ ತೋಳನ್ನು ಹಿಡಿದುಕೊಂಡರು.

“ನಿಮ್ಮ ಗೋದಾಮು ದೂರವಾ?” ಎಂದು ಕೇಳಿದರು ಕೊನೆಗೆ.

ದಾರಿಯಲ್ಲಿ ಆಟಿಕೆ ಅಂಗಡಿಯ ಮುಂದೆ ಕಾರು ನಿಂತಿತು. ಬಿಳಿ ಗೋಲಿ, ಕೆಂಪು ಗೋಲಿ, ಇನ್ನೊಂದು ಜಾಡಿ.

“ಇಷ್ಟೊಂದು ಗೋಲಿ ಎಷ್ಟು ಮಕ್ಕಳಿಗಮ್ಮಾ?” ಎಂದ ಅಂಗಡಿಯವನು.

“ಒಬ್ಬ ದೊಡ್ಡ ಮಗುವಿಗೆ,” ಎಂದಳು ಹೆಂಡತಿ.

ಗೋದಾಮಿನಲ್ಲಿ ಆಗ ಲಾರಿ ಇರಲಿಲ್ಲ. ಗೋಣಿಯ ರಾಶಿಗಳ ನಡುವಿನ ಓಣಿಯಲ್ಲಿ ಬೆಳಕಿನ ಕೋಲೊಂದು ಓರೆಯಾಗಿ ಬಿದ್ದಿತ್ತು. ಒಂದ್ಹಿಡಿ ಮಡಿಚಿದ ತಾಡಪಾಲಿನ ಮೇಲೆ ಕುಳಿತಿದ್ದ. ಭಾಮೈದ ಪಕ್ಕದಲ್ಲಿ ಸುಮ್ಮನೆ ಹೊಲಿಯುತ್ತಿದ್ದ. ಹೆಂಡತಿಯ ಹಿಂದೆ ಡಾಕ್ಟರಮ್ಮ ಬರುವುದನ್ನು ಕಂಡು ಒಂದ್ಹಿಡಿ ದಡಬಡಿಸಿ ಎದ್ದು ನಿಂತ. ಕೈ ತಾನಾಗಿ ಜೇಬಿನ ಮೇಲೆ ಹೋಯಿತು.

ಡಾಕ್ಟರಮ್ಮ ಒಂದು ಗೋಣಿಯ ಮೇಲೆ ಎರಡು ಜಾಡಿಗಳನ್ನಿಟ್ಟು ಎರಡರ ಮುಚ್ಚಳವನ್ನೂ ತೆಗೆದರು. ಅದು ಮತ್ತೆ ಅದೇ ತಪ್ಪು. ಬಾಯಿ ತೆರೆದದ್ದು ಕಂಡದ್ದೇ ತಡ, ಒಂದ್ಹಿಡಿಯ ತೋಳು ಹೊಸ ಜಾಡಿಯ ಕಡೆ ಎದ್ದಿತು. ಕಣ್ಣು ಆಗಲೇ ಮುಚ್ಚುತ್ತಿತ್ತು.

ಹೆಂಡತಿ ಮಣಿಕಟ್ಟು ಹಿಡಿದಳು. ಈ ಗೋದಾಮಿನಲ್ಲಿ ಇಳಿಯುವ ಆ ಕೈಯನ್ನು ಯಾರೂ ಎಂದೂ ತಡೆದಿರಲಿಲ್ಲ. ಭಾಮೈದನ ದಬ್ಬಣ ನೆಲಕ್ಕೆ ಬಿತ್ತು.

“ಬೇಡ,” ಎಂದಳು. ಅಷ್ಟೇ.

ಆ ಕೈಗೆ ಈಗ ಒಂದು ಬಿಳಿ ಬಂದಿದ್ದರೆ ಅದೂ ದೇವರ ಉತ್ತರವೇ ಆಗಿ, ಆಪರೇಷನ್ ಮಾತು ಮುಗಿದೇ ಹೋಗುತ್ತಿತ್ತು.

“ಯಜಮಾನ್ರೇ, ಒಂದು ಕೇಳ್ತೀನಿ,” ಎಂದರು ಡಾಕ್ಟರಮ್ಮ. “ನೀವು ವಾಪಸ್ ಅಂದ ಗೋಣಿ ಮೇಲೆ ಜಗಳ ಬಂದ್ರೆ ಏನು ಮಾಡ್ತೀರಿ? ಮಾಲಿಕರು ಬಂದು ನಿಂತ್ರೆ?”

“ಜಗಳ ಬಂದ್ರೆ ಸುರೀತೀವಿ.”

“ಅಂದ್ರೆ?”

“ತಾಡಪಾಲಿನ ಮೇಲೆ ಪೂರ್ತಿ ಸುರಿದು ನೋಡ್ತೀವಿ. ಸುರಿದ ಮೇಲೆ ಹಿಡಿ ಮಾತು ನಡೆಯಲ್ಲ. ಕಂಡದ್ದೇ ಕೊನೆ.”

“ಹಾಗಾದ್ರೆ ನಾನು ಜಗಳ ತಂದಿದ್ದೀನಿ. ಸುರೀರಿ.”

ಒಂದ್ಹಿಡಿ ಅವರನ್ನೇ ನೋಡಿದ. ಇದು ಅವನ ಮನೆಯ ಮಾತು. ಭಾಮೈದ ಆಗಲೇ ತಾಡಪಾಲನ್ನು ಬಿಡಿಸಿ ಹಾಸುತ್ತಿದ್ದ. ಒಂದ್ಹಿಡಿ ಮೊದಲ ಜಾಡಿಯನ್ನು ಒಂದು ಕಡೆ, ಎರಡನೆಯದನ್ನು ಇನ್ನೊಂದು ಕಡೆ, ಗೋಧಿ ಸುರಿಯುವ ಅದೇ ನಿಧಾನದಲ್ಲಿ, ಅಂಚು ಚೆಲ್ಲದಂತೆ ಸುರಿದ. ಗೋಲಿಗಳು ಗಲಗಲ ಉರುಳಿ, ಒಂದಕ್ಕೊಂದು ತಾಗಿ, ನಿಂತವು.

ಎಡಗಡೆಯ ರಾಶಿ ಬೆಳ್ಳಗಿತ್ತು. ಕೆಂಪನ್ನು ಹುಡುಕಬೇಕಿತ್ತು. ಬಲಗಡೆಯದರಲ್ಲಿ ಹುಡುಕಬೇಕಾಗಿರಲಿಲ್ಲ. ಸಿಡುಬು ಎದ್ದ ಮೈಯಂತೆ ಅಲ್ಲಲ್ಲಿ, ಎಲ್ಲೆಲ್ಲೂ ಕೆಂಪು.

“ಇದು ಯಾವ ಗೋಣಿ?” ಎಂದ ಒಂದ್ಹಿಡಿ.

“ನೀವು ಆರಿಸ್ಕೊಂಡಿರೋದು. ಸುಮ್ನೆ ಮನೇಲಿರೋದು. ನಿಮ್ಮ ಅಳತೆ ಉಬ್ಬು ಇರೋ ನೂರು ಜನ, ಏನೂ ಮಾಡಿಸದೆ ಒಂದು ವರ್ಷ ಕಳೆದ್ರೆ, ಅದ್ರಲ್ಲಿ ಹದಿನೈದು ಜನಕ್ಕೆ ಒಡೆಯುತ್ತೆ. ಮುಂದಿನ ವರ್ಷಕ್ಕೆ ಮತ್ತೆ ಹೊಸ ಜಾಡಿ, ಇನ್ನೂ ಜಾಸ್ತಿ ಕೆಂಪು. ಆಪರೇಷನ್ ಜಾಡಿ ಒಂದೇ ಸಲ. ಇದು ವರ್ಷವರ್ಷವೂ.” ಡಾಕ್ಟರಮ್ಮ ತಾಡಪಾಲಿನ ಅಂಚಿನಲ್ಲಿ ಮಂಡಿಯೂರಿ ಕುಳಿತರು. “ಇದನ್ನ ಅವತ್ತೇ ಪಕ್ಕದಲ್ಲಿ ಇಡಬೇಕಿತ್ತು. ಇಡಲಿಲ್ಲ. ಒಂದೇ ಗೋಣಿ ತೋರಿಸಿ ಬೇಕಾ ಬೇಡ್ವಾ ಅಂತ ಕೇಳಿದೆ. ತಪ್ಪು ನಂದು.”

ಒಂದ್ಹಿಡಿ ಬಲಗಡೆಯ ರಾಶಿಯ ಮೇಲೆ ಬಾಗಿದ. ಮೂಸುವನೇನೋ ಎನಿಸುವಷ್ಟು ಹತ್ತಿರ. ಮನೆಯಲ್ಲಿ ಕುಳಿತದ್ದೂ ಒಂದು ಗೋಣಿ ಎಂದು ಅವನಿಗೆ ಹೊಳೆದಿರಲಿಲ್ಲ. ಒಂದನ್ನು ವಾಪಸ್ ಎಂದರೆ ಕೈ ಖಾಲಿಯಾಗಿ ನಿರಾಳವಾಗಿ ಮನೆಗೆ ಹೋಗುತ್ತೇನೆಂದು ಎಣಿಸಿದ್ದ. ಇಷ್ಟು ದಿನ ಈ ಸಿಡುಬಿನ ರಾಶಿಯೊಳಗೆ ಮಲಗಿದ್ದ, ಎದ್ದಿದ್ದ, ನಲ್ಲಿಗೆ ವಾಷರ್ ಹಾಕಿದ್ದ. ಅವನೂ ಕುಳಿತ.

“ಆದ್ರೂ ಕೈಗೆ ಬಂತಲ್ಲಮ್ಮ,” ಎಂದ. “ಕೇಳ್ಕೊಂಡು ಹಾಕಿದ್ದು.”

“ಬಂತು. ಇಲ್ಲ ಅನ್ನಲ್ಲ,” ಎಂದರು ಡಾಕ್ಟರಮ್ಮ. “ಗೋಣಿಯಿಂದ ತೆಗೆದ ಗೋಧಿ ಆ ಗೋಣಿಯದ್ದೇ, ಒಂದೇ ನೆಲ, ಒಂದೇ ನೀರು. ಈ ಗೋಲಿ ನಾನು ಅಂಗಡಿಯಿಂದ ತಂದಿದ್ದು ಯಜಮಾನ್ರೇ. ಇದಕ್ಕೆ ನಿಮ್ಮ ಹೊಟ್ಟೆ ಪರಿಚಯ ಇಲ್ಲ.”

ಭಾಮೈದನಿಗೆ ನಗು ಬಂತು, ನುಂಗಿಕೊಂಡ.

ಒಂದ್ಹಿಡಿ ಹೆಂಡತಿಯ ಮುಖ ನೋಡಿದ. ಅವಳು ರಾಶಿಗಳನ್ನು ನೋಡುತ್ತಿರಲಿಲ್ಲ, ಇವನನ್ನೇ ನೋಡುತ್ತಿದ್ದಳು.

“ನಿಜ ಕೊಡು ಅಂತ ತಾನೇ ಕೇಳಿದ್ದು?” ಎಂದಳು. “ಈಗ ಪೂರ್ತಿ ಕೊಟ್ಟಿದಾನೆ. ತಾಡಪಾಲಿನ ಮೇಲೆ.”

ಮೇಲಿನ ಕಿಂಡಿಯಿಂದ ಒಂದು ಗುಬ್ಬಿ ಇಳಿದು, ಚೆಲ್ಲಿದ್ದು ಕಾಳಲ್ಲವೆಂದು ಕಂಡು ಹಾರಿಹೋಯಿತು. ಅಷ್ಟರಲ್ಲಿ ಡಾಕ್ಟರಮ್ಮ ಎಡಗಡೆಯ ರಾಶಿಯಲ್ಲಿ ಏನೋ ಹುಡುಕತೊಡಗಿದ್ದರು. ಗೋಲಿಗಳನ್ನು ಸರಿಸಿದರು, ಮತ್ತೆ ಸರಿಸಿದರು. ತಾಡಪಾಲಿನ ಅಂಚೆತ್ತಿ ನೋಡಿದರು.

“ಕೆಂಪು ಎರಡೇ ಇವೆ,” ಎಂದರು.

“ಉರುಳಿರ್ಬೇಕು,” ಎಂದು ಭಾಮೈದ ನೆಲಕ್ಕೆ ಕೆನ್ನೆ ಹಚ್ಚಿ ಗೋಣಿಗಳ ಅಡಿಯಲ್ಲಿ ಇಣುಕಿದ.

ಅವರು ಮತ್ತೆ ಎಣಿಸಿದರು. ಎರಡೇ. “ನಾನು ಇದನ್ನ ದಿನಾ ಜನಕ್ಕೆ ತೋರಿಸ್ತಾ ಇದ್ದೀನಿ. ಬಾಯಲ್ಲಿ ಮೂರು ಅಂತೀನಿ. ಜಾಡೀಲಿ ಎರಡು. ನೆನ್ನೆ ಒಬ್ಬರು, ವಯಸ್ಸಾದವರು, ಎಣಿಸ್ತೀನಿ ಅಂತ ಕೂತ್ರು. ಸಮಯ ಇಲ್ಲ, ನನ್ನ ಮಾತು ನಂಬಿ ಅಂದೆ.” ಕೈಯಲ್ಲಿದ್ದ ಗೋಲಿಗಳು ಜಾರಿ ತಾಡಪಾಲಿಗೆ ಬಿದ್ದವು. ಅವರು ಹೆಕ್ಕಲಿಲ್ಲ.

ಈ ಒಂದನ್ನು ಮಾತ್ರ ಹೆಂಡತಿ ಡಾಕ್ಟರಮ್ಮನಿಗೆ ಹೇಳಿರಲಿಲ್ಲ. ಇಡೀ ಗೋದಾಮು ಗಂಡನನ್ನು ಏನೇ ಕರೆಯಲಿ, ಬೇರೆಯವರದ್ದನ್ನು ಜೇಬಿನಲ್ಲಿಟ್ಟುಕೊಂಡವನು ಎಂದು ತನ್ನ ಬಾಯಿಂದ ಹೇಗೆ ಹೇಳುವುದು?

ಒಂದ್ಹಿಡಿ ಮೊದಲು ಬಲಗಡೆಯ ರಾಶಿಯನ್ನು ಎರಡೂ ಕೈಯಿಂದ ಬಾಚಿ ಹೊಸ ಜಾಡಿಗೆ ತುಂಬಿ, ಮುಚ್ಚಳ ಬಿಗಿದು, ದೂರ ಸರಿಸಿಟ್ಟ. ಆಮೇಲೆ ಎಡಗಡೆಯದನ್ನು ತುಂಬತೊಡಗಿದ. ಒಂದೂ ತಾಡಪಾಲಿನ ಮಡಿಕೆಯಲ್ಲಿ ಉಳಿಯದಂತೆ ಅಂಗೈಯಿಂದ ಸವರಿ ನೋಡಿದ.

“ಖಾಲಿ ಹೊಟ್ಟೇಲಿ ಬರಬೇಕಾ ಡಾಕ್ಟರಮ್ಮ?” ಎಂದು ಕೇಳಿದ, ತಲೆಯೆತ್ತದೆ.

ಡಾಕ್ಟರಮ್ಮನಿಗೆ ಅವನು ಕೇಳಿದ್ದು ತಿಳಿಯಲು ಒಂದು ಕ್ಷಣ ಬೇಕಾಯಿತು. “ಹೌದು,” ಎಂದರು. “ಹಿಂದಿನ ದಿನವೇ ಬಂದು ಮಲಗಬೇಕು.”

ಅವನು ಜೇಬಿಗೆ ಕೈ ಹಾಕಿದ. ಕೆಂಪು ಗೋಲಿಯನ್ನು ಅಂಗಿಯ ತುದಿಯಲ್ಲಿ ಒರೆಸಿ, ಜಾಡಿಯ ಬಾಯಿಯೊಳಗೆ ಇಳಿಯಬಿಟ್ಟ. ಅದು ಬಿಳಿಯ ನಡುವೆ ಜಾರಿ ಕಾಣದಾಯಿತು. ಅಂಗೈಯನ್ನು ಜಾಡಿಯ ಮೇಲೇ ಒಮ್ಮೆ ಕೊಡವಿ, ಎರಡೂ ಕೈಯಲ್ಲಿ ಅದನ್ನೆತ್ತಿ ಡಾಕ್ಟರಮ್ಮನ ಕೈಗೆ ಕೊಟ್ಟ.